ಪತ್ರಾಗಾರದಲ್ಲಿ ಪತ್ರವಿಲ್ಲದವರು

ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟು 2013ರ ಡಿಸೆಂಬರ್ 11ರಂದು ಕೊಟ್ಟ ತೀರ್ಪನ್ನು ವಕೀಲರು ಓದುವ ಬಗೆ ಬೇರೆ. ಸಾಹಿತ್ಯ ಓದಿಕೊಂಡು ಬಂದ ನನ್ನ ಕಣ್ಣು ಅದರ ಒಂದು ಮಾತಿನ ಮೇಲೆ ನಿಂತುಬಿಡುತ್ತದೆ. ದೇಶದ ಜನಸಂಖ್ಯೆಯಲ್ಲಿ ಸಲಿಂಗಿಗಳು, ದ್ವಿಲಿಂಗಾಸಕ್ತರು, ಲಿಂಗಾಂತರಿಗಳು ತೀರಾ ಸಣ್ಣ ಪಾಲು. ವರದಿಯಾದ ತೀರ್ಪುಗಳ ಪ್ರಕಾರ 150ಕ್ಕೂ ಹೆಚ್ಚು ವರ್ಷಗಳಲ್ಲಿ ಈ ಕಲಮಿನಡಿ ವಿಚಾರಣೆಗೆ ಒಳಗಾದವರು 200ಕ್ಕಿಂತ ಕಡಿಮೆ. ಇಷ್ಟರ ಆಧಾರದ ಮೇಲೆ ಕಾನೂನನ್ನು ತೆಗೆದುಹಾಕಲಾಗದು. ಇದು ಆ ಮಾತಿನ ಸಾರಾಂಶ.

ಇದರ ಹಿಂದೆ ಇತಿಹಾಸದ ಬಗ್ಗೆ ಒಂದು ತಿಳುವಳಿಕೆ ಕೆಲಸ ಮಾಡುತ್ತಿದೆ. ಕಾಗದದಲ್ಲಿ ಇದ್ದದ್ದು ನಡೆದದ್ದು, ಕಾಗದದಲ್ಲಿ ಇಲ್ಲದ್ದು ನಡೆಯದ್ದು. ವರದಿಯಾದ ತೀರ್ಪುಗಳಲ್ಲಿ ಬಹುಪಾಲು ಮೇಲಿನ ಕೋರ್ಟುಗಳವರೆಗೆ ಹೋದ ಮೊಕದ್ದಮೆಗಳವು. ರಾತ್ರಿ ಪಾರ್ಕಿನಲ್ಲಿ ಹಿಡಿದು, ಇದೇ ಕಲಮು ತೋರಿಸಿ ಹೆದರಿಸಿ, ಕೈಯಲ್ಲಿದ್ದ ದುಡ್ಡು ಕಿತ್ತುಕೊಂಡು ಬಿಟ್ಟುಬಿಟ್ಟರೆ ಅದು ಯಾವ ತೀರ್ಪಿನಲ್ಲಿ ಬರುತ್ತದೆ? ಠಾಣೆಯಲ್ಲಿ ಬೆಳಗಿನವರೆಗೆ ಕೂರಿಸಿ, ಕೇಸು ಬರೆಯದೆ ಕಳಿಸಿದರೆ ಅದರ ಲೆಕ್ಕ ಎಲ್ಲಿ? ಈ ಕಲಮಿನ ದೊಡ್ಡ ಬಳಕೆ ಕೋರ್ಟಿನ ಹೊರಗೇ ಆಗುತ್ತಿತ್ತು. ಅಲ್ಲಿ ಬರೆದಿಡುವ ಪದ್ಧತಿ ಇರಲಿಲ್ಲ. ಬರೆಯದೇ ಇರುವುದೇ ಆ ಬಳಕೆಯ ಶಕ್ತಿಯಾಗಿತ್ತು.

ಐದು ವರ್ಷ ತುಂಬುವ ಮೊದಲೇ, 2018ರ ಸೆಪ್ಟೆಂಬರ್ 6ರಂದು, ಅದೇ ಕೋರ್ಟಿನ ಸಂವಿಧಾನ ಪೀಠ ಈ ತೀರ್ಪನ್ನು ತಳ್ಳಿಹಾಕಿತು. ಇತಿಹಾಸವು ಈ ಸಮುದಾಯದವರ ಮತ್ತು ಅವರ ಕುಟುಂಬದವರ ಕ್ಷಮೆ ಕೇಳಬೇಕಾಗಿದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಅದನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಉಲ್ಲೇಖಿಸಬೇಕಾದ ಮಾತೇ ಹೌದು. ಆದರೆ ಕ್ಷಮೆ ಕೇಳುವವರಿಗೆ ತಾವು ಯಾತಕ್ಕೆ ಕೇಳುತ್ತಿದ್ದೇವೆ ಎಂಬುದು ಗೊತ್ತಿರಬೇಕಲ್ಲವೇ? ಯಾರಿಗೆ, ಯಾವಾಗ, ಏನಾಯಿತು? ಈ ಎರಡು ತೀರ್ಪುಗಳ ನಡುವೆ ನನಗೆ ಎದುರಾಗುವ ಪ್ರಶ್ನೆ ಇದು: ಲೈಂಗಿಕ ಅಲ್ಪಸಂಖ್ಯಾತರ ಇತಿಹಾಸವನ್ನು ಯಾರು, ಯಾವ ರೂಪದಲ್ಲಿ, ಯಾವ ನುಡಿಯಲ್ಲಿ ಕಾಪಿಡಬೇಕು? ಕನ್ನಡ ವಿಮರ್ಶೆಗೆ ಇದರಲ್ಲಿ ಮಾಡಲು ಕೆಲಸವಿದೆ ಎಂಬುದು ಈ ಬರಹದ ವಾದ.

*

ಆರ್ಕೈವ್ ಎನ್ನುವುದಕ್ಕೆ ನಮ್ಮ ಸರ್ಕಾರ ಕೊಟ್ಟಿರುವ ಹೆಸರು ಪತ್ರಾಗಾರ. ಪತ್ರಗಳ ಮನೆ. ಹೆಸರೇ ಒಂದು ಷರತ್ತು ಹಾಕುತ್ತದೆ: ಒಳಗೆ ಬರಬೇಕಾದರೆ ಪತ್ರವಾಗಿ ಬನ್ನಿ. ನಮ್ಮಲ್ಲಿ ಇನ್ನೊಂದು ಪದ ಕಡತ. ಇವತ್ತು ಕಚೇರಿಯ ಫೈಲಿಗೆ ಬಳಸುವ ಈ ಪದ ಮೊದಲು ಬಟ್ಟೆಯ ಪುಸ್ತಕದ ಹೆಸರಾಗಿತ್ತು. ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಬಟ್ಟೆಯನ್ನು ಮಡಿಕೆ ಹಾಕಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ದಾಖಲೆ ಎಂದರೆ ಗಟ್ಟಿ, ನೆನಪು ಎಂದರೆ ತೆಳು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಕಡತದ ಕಥೆ ಕೇಳಿದರೆ ಒರೆಸಿ ಬರೆಯುವ ಅಭ್ಯಾಸ ಬರಹದೊಳಗೇ ಇದೆ ಎನ್ನಿಸುತ್ತದೆ.

ಹಾಗೆಂದು ಈ ಸಮುದಾಯದ ಬಗ್ಗೆ ಪತ್ರಗಳೇ ಇಲ್ಲ ಎನ್ನುವಂತಿಲ್ಲ. ಬೇಕಾದಷ್ಟಿವೆ. ಬರೆದವರು ಯಾರು ಎಂಬುದಷ್ಟೇ ತೊಡಕು.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ನಾವು ಅಲೆಮಾರಿ ಸಮುದಾಯಗಳಿಗೆ ಅಪರಾಧಿ ಪಟ್ಟ ಕಟ್ಟಿದ ಕಾಯ್ದೆಯೆಂದು ನೆನೆಯುತ್ತೇವೆ. ಅದರ ಎರಡನೇ ಭಾಗ ಹಿಜ್ರಾಗಳನ್ನು ಕುರಿತದ್ದು. ಮಕ್ಕಳನ್ನು ಅಪಹರಿಸಿದ, ಬೀಜ ಒಡೆದ, ಇಲ್ಲವೇ 377ರ ಅಪರಾಧ ಮಾಡಿದ ಗುಮಾನಿ ಇರುವವರ ಹೆಸರು, ವಾಸಸ್ಥಳಗಳನ್ನು ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಅದು ಹೇಳಿತು. ಪಟ್ಟಿಯಲ್ಲಿ ಹೆಸರಿರುವವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಸಾರ್ವಜನಿಕವಾಗಿ ಕುಣಿದರೆ ಎರಡು ವರ್ಷದವರೆಗೆ ಸೆರೆ. ಅವರ ಆಸ್ತಿಯ ವಿವರವನ್ನೂ ಕೇಳಿ ಬರೆದುಕೊಳ್ಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಇನ್ನೊಂದು ವಿಧಿ. ಪಟ್ಟಿಯಲ್ಲಿದ್ದವರು ಉಯಿಲು ಬರೆಯುವಂತಿರಲಿಲ್ಲ, ದಾನ ಕೊಡುವಂತಿರಲಿಲ್ಲ, ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಹಿಜ್ರಾ ಪರಂಪರೆ ನಡೆದುಬರುವುದು ಗುರು-ಚೇಲಾ ಸಂಬಂಧದಲ್ಲಿ. ಒಡವೆ, ಪಾತ್ರೆ, ಹಾಡು, ಕಟ್ಟಳೆ ಎಲ್ಲವೂ ಗುರುವಿನಿಂದ ಚೇಲಾಗೆ ಇಳಿಯುತ್ತವೆ. ಉಯಿಲಿಗೂ ದತ್ತಿಗೂ ಬೇಲಿ ಹಾಕಿದ್ದರ ಪರಿಣಾಮ ಆಸ್ತಿಗಷ್ಟೇ ನಿಲ್ಲಲಿಲ್ಲ, ನೆನಪು ಕೈಯಿಂದ ಕೈಗೆ ದಾಟುವ ದಾರಿಗೂ ತಟ್ಟಿತು. ಒಂದು ಕೈಯಲ್ಲಿ ಪ್ರಭುತ್ವ ಅವರ ಹೆಸರು ಬರೆದುಕೊಂಡಿತು, ಇನ್ನೊಂದು ಕೈಯಲ್ಲಿ ಅವರು ತಮ್ಮವರಿಗೆ ಬಿಟ್ಟುಹೋಗಬಹುದಾದ್ದನ್ನು ತಡೆಯಿತು. ಈ ರಿಜಿಸ್ಟರುಗಳ ಇತಿಹಾಸವನ್ನು ಜೆಸಿಕಾ ಹಿಂಚಿ 2019ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಬಿಡಿಸಿದ್ದಾರೆ.

ಇದೇ ಕಾಲದ ಖೈರಾತಿ ಪ್ರಕರಣವನ್ನೂ ನೋಡಬೇಕು. ಹೆಂಗಸರ ನಡುವೆ ಹೆಣ್ಣುಡುಗೆ ಉಟ್ಟು ಹಾಡುತ್ತಿದ್ದ ಖೈರಾತಿಯನ್ನು ಮೊರಾದಾಬಾದಿನಲ್ಲಿ ಹಿಡಿದು, ವೈದ್ಯಕೀಯ ತಪಾಸಣೆಗೆ ಒಡ್ಡಿ, ಶಿಕ್ಷೆ ವಿಧಿಸಲಾಯಿತು. 1884ರಲ್ಲಿ ಅಲಹಾಬಾದ್ ಹೈಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಕಾರಣ, ಯಾವ ಸಮಯ, ಯಾವ ಜಾಗ, ಯಾರೊಡನೆ ಎಂಬುದಕ್ಕೆ ಪುರಾವೆ ಇರಲಿಲ್ಲ. ಆದರೂ ಇಂಥ ನಡವಳಿಕೆಯನ್ನು ಹತ್ತಿಕ್ಕಲು ಹೊರಟ ಸ್ಥಳೀಯ ಅಧಿಕಾರಿಗಳ ಆಶಯವನ್ನು ಕೋರ್ಟು ಮೆಚ್ಚಿಕೊಂಡಿತು. 1884ರಲ್ಲೂ 2013ರಲ್ಲೂ ಕೋರ್ಟು ವಿವರ ಸಾಲದು ಎಂದೇ ಹೇಳಿದೆ. ಮೊದಲ ಸಲ ಆ ಮಾತು ಒಬ್ಬರನ್ನು ಬಿಡಿಸಿತು, ಎರಡನೇ ಸಲ ಎಲ್ಲರನ್ನೂ ಕಟ್ಟಿಹಾಕಿತು. ಎರಡು ಸಲವೂ ವಿವರ ಎಂದರೆ ಏನು ಎಂದು ತೀರ್ಮಾನಿಸಿದವರು ಬೇರೆಯವರು. ಖೈರಾತಿ ಪ್ರಕರಣದಲ್ಲಿ ಪೊಲೀಸರ ಮಾತಿದೆ, ವೈದ್ಯರ ಮಾತಿದೆ, ನ್ಯಾಯಾಧೀಶರ ಮಾತಿದೆ. ಅವತ್ತು ಖೈರಾತಿ ಹಾಡುತ್ತಿದ್ದ ಹಾಡು ಯಾವುದು ಎಂಬುದು ಮಾತ್ರ ಅಲ್ಲಿಲ್ಲ.

ಇದೆಲ್ಲ ದೂರದ ಉತ್ತರ ಭಾರತದ, ಹಳೆಯ ಕಾಲದ ಮಾತು ಎಂದುಕೊಳ್ಳಬೇಕಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮು ಸೇರಿತು. ಹಿಜ್ರಾಗಳ ಹೆಸರು, ವಾಸಸ್ಥಳಗಳ ರಿಜಿಸ್ಟರು ಇಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. ಅದರ ಮಾತಿನ ಧಾಟಿ ಹೆಚ್ಚುಕಡಿಮೆ 1871ರದ್ದೇ: ಅದೇ ಗುಮಾನಿ, ಅದೇ ಅಪಹರಣ, ಅದೇ ಪಟ್ಟಿ. ವಿಷಯ ಹೈಕೋರ್ಟಿಗೆ ಹೋಗಿ, ಕೊನೆಗೆ 2016ರಲ್ಲಿ ಆ ಸಮುದಾಯವನ್ನು ಸೂಚಿಸುವ ಪದವನ್ನು ತೆಗೆದು ‘ವ್ಯಕ್ತಿ’ ಎಂದು ಹಾಕಲಾಯಿತು. ಇಂಗ್ಲಿಷರು ಬಿಟ್ಟುಹೋದ ಒಂದು ವಾಕ್ಯ 140 ವರ್ಷ ದಾಟಿ ಬಂದು ನಮ್ಮ ಶಾಸನದಲ್ಲಿ ಕೂತಿತು. ಪತ್ರಾಗಾರದ ನೆನಪಿನ ಶಕ್ತಿ ಇಷ್ಟು ಗಟ್ಟಿ.

*

ಈ ರಿಜಿಸ್ಟರಿಗೆ ಎದುರಾಗಿ ಸಮುದಾಯ ತನ್ನದೇ ದಾಖಲೆ ಕಟ್ಟಲು ಹೊರಟದ್ದರಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1999ರಲ್ಲಿ ಶುರುವಾದ ಸಂಗಮ ಸಂಸ್ಥೆ ಮೊದಲಿಗೆ ಮಾಹಿತಿ ಮತ್ತು ದಾಖಲೆಗಳ ಕೇಂದ್ರವಾಗಿಯೇ ಹುಟ್ಟಿತು ಎಂಬುದನ್ನು ಗಮನಿಸಬೇಕು. ಚಳವಳಿ ಬೆಳೆದ ಮೇಲೆ ಯಾರೋ ಕೂತು ದಾಖಲೆ ಜೋಡಿಸಿದ್ದಲ್ಲ, ದಾಖಲಿಸುತ್ತಲೇ ಚಳವಳಿ ಬೆಳೆಯಿತು. 2001ರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಬಗ್ಗೆ ಸತ್ಯಶೋಧನಾ ವರದಿ ತಂದಿತು. 2003ರಲ್ಲಿ ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಯಕರ್ತರನ್ನು ಕುರಿತ ಇನ್ನೊಂದು ವರದಿ ಬಂತು. ಮರುವರ್ಷ ಬೆಂಗಳೂರಿನಲ್ಲಿ ಹಿಜ್ರಾ ಒಬ್ಬರ ಮೇಲೆ ಗೂಂಡಾಗಳಿಂದಲೂ ಪೊಲೀಸರಿಂದಲೂ ನಡೆದ ಹಿಂಸೆಯನ್ನು ಸಂಗಾತಿಗಳು ದಾಖಲಿಸಿದರು. 2009ರ ಜುಲೈ 2ರ ದೆಹಲಿ ಹೈಕೋರ್ಟಿನ ನಾಜ್ ಫೌಂಡೇಶನ್ ತೀರ್ಪಿನಲ್ಲಿ ಬೆಂಗಳೂರಿನ ಈ ಘಟನೆಯ ಪ್ರಸ್ತಾಪವಿದೆ. ಬರೆದಿಟ್ಟದ್ದು ಕೋರ್ಟಿನ ಬಾಗಿಲು ದಾಟಿತು.

ಈ ವರದಿಗಳ ಬೆಲೆಯನ್ನು ಯಾರೂ ಕಡಿಮೆ ಅಂದಾಜಿಸಬಾರದು. ಆದರೂ ಓದುಗರಾಗಿ ಅವುಗಳ ರೂಪವನ್ನು ಕುರಿತು ಒಂದು ಮಾತು ಹೇಳಬೇಕು. ಸತ್ಯಶೋಧನೆಯ ವರದಿ ಕೇಳುವ ಪ್ರಶ್ನೆಗಳು: ಯಾರು ಹೊಡೆದರು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಠಾಣೆ? ಕೋರ್ಟು ಕೇಳುವುದೂ ಇವನ್ನೇ ಆದ್ದರಿಂದ ವರದಿ ಇವನ್ನು ಕೇಳಲೇಬೇಕು. ಇದರಿಂದ ಒಂದು ಬದುಕಿನ ಗಾಯಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಬೆಂಗಳೂರಿನ ಹಿಜ್ರಾಗಳ ಹಮಾಮುಗಳನ್ನೇ ತೆಗೆದುಕೊಳ್ಳಿ. ಬಿಸಿನೀರಿನ ಸ್ನಾನದ ಮನೆ, ದುಡಿಮೆಯ ಜಾಗ, ಗುರುವಿನ ಮನೆ ಎಲ್ಲವೂ ಅದೇ. ವರದಿಯಲ್ಲಿ ಹಮಾಮು ಮುಖ್ಯವಾಗುವುದು ಪೊಲೀಸರು ನುಗ್ಗಿದ ಜಾಗವಾಗಿ. ಅಲ್ಲಿ ಬೆಳಿಗ್ಗೆ ಯಾರು ಒಲೆ ಹಚ್ಚುತ್ತಿದ್ದರು, ಹಬ್ಬಕ್ಕೆ ಏನು ಬೇಯುತ್ತಿತ್ತು, ಜಗಳವಾದರೆ ಹಿರಿಯರು ಹೇಗೆ ಪಂಚಾಯಿತಿ ಮಾಡುತ್ತಿದ್ದರು, ಯಾವ ಸಿನಿಮಾ ಹಾಡಿಗೆ ಎಲ್ಲರೂ ಕುಣಿಯುತ್ತಿದ್ದರು? ಇವು ಇತಿಹಾಸವಲ್ಲ ಎಂದು ಯಾರು ಹೇಳಿದರು? ನೋವು ಮಾತ್ರ ದಾಖಲಾದರೆ ಆ ಜನ ಮುಂದಿನ ತಲೆಮಾರಿಗೆ ನೋವುಣ್ಣಲು ಹುಟ್ಟಿದವರಂತೆ ಕಾಣುತ್ತಾರೆ.

ಅದಕ್ಕೇ 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಕಮ್ರಾ’ ದಾಖಲೆ ಸಂಗ್ರಹದ ಯೋಜನೆ ನನಗೆ ಮುಖ್ಯವೆನ್ನಿಸುತ್ತದೆ. ಇಂಗ್ಲಿಷಿನ ಕ್ವಿಯರ್, ಆರ್ಕೈವ್, ಮೆಮೊರಿ, ರಿಫ್ಲೆಕ್ಷನ್, ಆಕ್ಟಿವಿಸಂ ಪದಗಳ ಮೊದಲಕ್ಷರಗಳಿಂದ ಕಟ್ಟಿದ ಹೆಸರು ಅದು. ಕೇಳುವ ಕಿವಿಗೆ ಕೋಣೆ ಎಂಬ ಅರ್ಥವೂ ಬರುತ್ತದೆ. ಚಿತ್ರ ನಿರ್ದೇಶಕಿ ಟಿ. ಜಯಶ್ರೀ ವರ್ಷಗಳ ಕಾಲ ಚಳವಳಿಯ ಜೊತೆಗಿದ್ದು ಚಿತ್ರಿಸಿಕೊಂಡಿದ್ದ ವಿಡಿಯೊಗಳು ಅದರ ಬುನಾದಿ. ಅವುಗಳ ಜೊತೆಗೆ ವ್ಯಕ್ತಿಗಳ, ಸಂಘಟನೆಗಳ ಕಾಗದಪತ್ರಗಳು, ಪತ್ರಿಕಾ ತುಣುಕುಗಳು ಸೇರಿದವು. ಈಗ ಅದು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿದೆ. ಮುಗಿದ ಚಿತ್ರವೊಂದರಲ್ಲಿ ನಾವು ನೋಡುವುದು ನಿರ್ದೇಶಕರು ಆರಿಸಿದ ನಿಮಿಷಗಳನ್ನು. ಉಳಿದ ಗಂಟೆಗಟ್ಟಲೆ ಚಿತ್ರಿಕೆಯಲ್ಲಿ ಜನ ಕಾಯುತ್ತಾರೆ, ನಗುತ್ತಾರೆ, ಭಾಷಣದ ನಡುವೆ ಚಹಾ ಕುಡಿಯುತ್ತಾರೆ, ಕ್ಯಾಮೆರಾ ಆಫ್ ಮಾಡು ಅನ್ನುತ್ತಾರೆ. ಸಿನಿಮಾಕ್ಕೆ ಬೇಡವಾದ ಈ ಚೂರುಪಾರು ಇತಿಹಾಸಕಾರರಿಗೆ ಬಂಗಾರ. ವರದಿ ಬಿಟ್ಟ ಜಾಗವನ್ನು ಇಂಥ ಉಳಿಕೆಗಳೇ ತುಂಬಬೇಕು.

*

ಇಲ್ಲಿಂದ ನಮ್ಮ ಸಾಹಿತ್ಯಕ್ಕೆ ಬರುತ್ತೇನೆ. ಕನ್ನಡದ ಮಟ್ಟಿಗೆ ಈ ಸಮುದಾಯದ ಬದುಕು ದೊಡ್ಡ ಓದುಗ ವರ್ಗವನ್ನು ಮುಟ್ಟಿದ್ದು ಆತ್ಮಕಥನಗಳ ಮೂಲಕ.

ಎ. ರೇವತಿಯವರ ಪುಸ್ತಕದ ಪ್ರಯಾಣವೇ ಒಂದು ಪಾಠ. ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿ, ದೆಹಲಿ, ಮುಂಬೈ ಸುತ್ತಿ, ಬೆಂಗಳೂರಿನಲ್ಲಿ ಹಮಾಮಿನ ಬದುಕನ್ನೂ ಸಂಗಮದ ಕೆಲಸವನ್ನೂ ಕಂಡವರು ಅವರು. ಬರೆದದ್ದು ತಮಿಳಿನಲ್ಲಿ. ಆದರೆ ಪುಸ್ತಕ ಮೊದಲು ಹೊರಬಂದದ್ದು 2010ರಲ್ಲಿ, ವಿ. ಗೀತಾ ಅವರ ಇಂಗ್ಲಿಷ್ ಅನುವಾದವಾಗಿ. ತಮಿಳಿನ ‘ವೆಳ್ಳೈ ಮೊಳಿ’ ಆಮೇಲೆ ಬಂತು. ದು. ಸರಸ್ವತಿ ಕನ್ನಡಕ್ಕೆ ತಂದ ‘ಬದುಕು ಬಯಲು’ ಇಲ್ಲಿ ತನ್ನದೇ ಜೀವ ಪಡೆಯಿತು. ಎಂ. ಗಣೇಶ್ ನಿರ್ದೇಶನದಲ್ಲಿ ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗಕ್ಕೆ ತಂದು ಊರೂರಿಗೆ ಒಯ್ದಿತು. ಹೀಗೆ ಬೆಂಗಳೂರಿನ ಒಂದು ಬದುಕು ತಮಿಳಿನಲ್ಲಿ ಬರಹವಾಗಿ, ಇಂಗ್ಲಿಷಿನಲ್ಲಿ ಪುಸ್ತಕವಾಗಿ, ಕನ್ನಡದಲ್ಲಿ ನಾಟಕವಾಯಿತು. ಇದನ್ನು ಯಾವ ಭಾಷೆಯ ಕಪಾಟಿನಲ್ಲಿ ಇಡುವುದು? ಭಾಷಾವಾರು ವಿಂಗಡಿಸಿದ ನಮ್ಮ ಗ್ರಂಥಾಲಯಗಳಿಗೆ ಇಂಥ ಬದುಕು ಸುಲಭಕ್ಕೆ ದಕ್ಕುವುದಿಲ್ಲ.

ರೇವತಿಯವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಆತ್ಮಕಥನಕ್ಕೆ ಮೊದಲೇ ಅವರು ತಮ್ಮ ಸಮುದಾಯದ ಇತರರ ಬದುಕಿನ ಕಥೆಗಳನ್ನು ಕೇಳಿ, ಬರೆದು, ‘ಉಣರ್ವುಂ ಉರುವಮುಂ’ ಎಂಬ ತಮಿಳು ಪುಸ್ತಕವಾಗಿ ತಂದಿದ್ದರು. ಅಂದರೆ ತಮ್ಮ ಕಥೆ ಹೇಳುವ ಮುನ್ನ ಅವರು ಇತರರ ಕಥೆಗೆ ಕಿವಿಯಾಗಿದ್ದರು. ನಮ್ಮ ವಿಮರ್ಶೆ ಅವರನ್ನು ‘ನೊಂದವರ ದನಿ’ ಎಂದು ಹೊಗಳಿ ಸುಮ್ಮನಾಗುತ್ತದೆ. ಅವರನ್ನು ಇತಿಹಾಸದ ದಾಖಲೆಗಾರರು ಎಂದು ಕರೆಯಲು ಯಾಕೆ ಹಿಂಜರಿಕೆ? ಪೊಲೀಸ್ ರಿಜಿಸ್ಟರು ಬರೆದ ಗುಮಾಸ್ತನಿಗೆ ಇರುವ ಆ ಪದವಿ ಗುರುಭಾಯಿಗಳ ಕಥೆ ಬರೆದವರಿಗೆ ಇಲ್ಲವೇ?

ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಬೇರೆ ಬಗೆಯ ಪ್ರಶ್ನೆ ಎತ್ತುತ್ತದೆ. ಹೆಸರೇ ಜೇಡರ ದಾಸಿಮಯ್ಯನ ವಚನವನ್ನು ನೆನಪಿಸಿ, ಅದಕ್ಕೊಂದು ತಿರುವು ಕೊಡುತ್ತದೆ. ಗಂಡು-ಹೆಣ್ಣೆಂಬ ಗುರುತಿನ ಬಗ್ಗೆ ಕನ್ನಡದ ಹಳೆಯ ಪ್ರಶ್ನೆಯೊಂದಕ್ಕೆ ಬಳ್ಳಾರಿ ಸೀಮೆಯ ಒಂದು ಬದುಕು ಉತ್ತರವಾಗಿ ಎದುರು ನಿಂತಂತೆ. ಪುಸ್ತಕ ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ. ನಿರೂಪಣೆ ಎಂಬ ಪದವನ್ನು ನಾವು ಮುಖಪುಟದಲ್ಲಿ ನೋಡಿ ದಾಟಿಬಿಡುತ್ತೇವೆ. ನಾನು ನಿಲ್ಲಬೇಕು ಎನ್ನುವುದು ಅಲ್ಲೇ. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳಿ ಬರೆಯುತ್ತಾರೆ. ಹೇಳುವವರು ನಡುವೆ ಹಾಡುತ್ತಾರೆ, ನಿಲ್ಲುತ್ತಾರೆ, ಕೈ ಆಡಿಸುತ್ತಾರೆ, ಒಂದೇ ಘಟನೆಯನ್ನು ಎರಡು ದಿನ ಎರಡು ಥರ ಹೇಳುತ್ತಾರೆ. ಯಾವ ನಿರೂಪಣೆಯೇ ಆಗಲಿ, ಬರೆಯುವಾಗ ಅದೆಲ್ಲ ಒಂದು ನೇರದ ಕಥೆಯಾಗಬೇಕು. ಇದು ಯಾರ ತಪ್ಪೂ ಅಲ್ಲ, ಪುಸ್ತಕದ ಧರ್ಮವೇ ಅದು. ಪುಸ್ತಕ ಬಂದ ಮೇಲೆ ಆ ಧ್ವನಿಮುದ್ರಿಕೆಗಳ, ಟಿಪ್ಪಣಿ ಪುಸ್ತಕಗಳ ಗತಿ ಏನು ಎಂದು ನಾವು ಕೇಳುವುದೇ ಇಲ್ಲ. ಕುವೆಂಪು, ಬೇಂದ್ರೆಯವರ ಹಸ್ತಪ್ರತಿ ಎಂದರೆ ಕಣ್ಣಿಗೊತ್ತಿಕೊಳ್ಳುವ ನಾವು, ಮಾತಿನಲ್ಲಿ ಹುಟ್ಟಿದ ಕೃತಿಗಳಿಗೆ ಹಸ್ತಪ್ರತಿ ಎಂದರೆ ಆ ಧ್ವನಿಯೇ ಎಂಬುದನ್ನು ಮರೆಯುತ್ತೇವೆ.

ಜೋಗತಿಯರ ವಿಷಯದಲ್ಲಂತೂ ಇದು ಇನ್ನೂ ತೀವ್ರ. ಮಂಜಮ್ಮ ಕಲೆ ಕಲಿತದ್ದು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರಿಂದ, ಪುಸ್ತಕದಿಂದಲ್ಲ. ಎಲ್ಲಮ್ಮನ ಕಥೆ, ಚೌಡಿಕೆಯ ಪೆಟ್ಟು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಹದ ಎಲ್ಲವೂ ಮೈಯಿಂದ ಮೈಗೆ ಬಂದದ್ದು. ನಮ್ಮ ಜಾನಪದ ಸಂಗ್ರಹಗಳು ಎಲ್ಲಮ್ಮನ ಹಾಡುಗಳನ್ನು ಶ್ರದ್ಧೆಯಿಂದ ಕೂಡಿಹಾಕಿವೆ. ಆದರೆ ಸಾಮಾನ್ಯವಾಗಿ ಅಲ್ಲಿ ಹಾಡಿಗಿರುವ ಪುಟಗಳು ಹಾಡಿದವರಿಗಿಲ್ಲ. ವಕ್ತೃವಿನ ಹೆಸರು, ಊರು, ವಯಸ್ಸು ಎಂದು ಒಂದು ಸಾಲು ಬಂದರೆ ಹೆಚ್ಚು. ಹಾಡಿದವರು ಜೋಗಪ್ಪನೋ, ಮನೆ ಬಿಟ್ಟು ಬಂದವರೋ, ಅವರ ಗುರು ಯಾರೋ ಎಂಬುದು ಹಾಡಿನ ಅರ್ಥಕ್ಕೆ ಸಂಬಂಧವಿಲ್ಲದ್ದು ಎಂದು ನಾವು ತಿಳಿದೆವು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನದಲ್ಲಿ ಮಂಜಮ್ಮ ಕೂತಾಗ, ಆ ಒಂದು ಸಾಲಿನಲ್ಲಿ ಅಡಗಿದ್ದವರು ಎದ್ದು ಬಂದು ಕುರ್ಚಿಯಲ್ಲಿ ಕೂತಂತಾಯಿತು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವಾಗ ಅವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆ ಒಂದು ಗಳಿಗೆಯಲ್ಲಿ ಜೋಗತಿ ಪರಂಪರೆಯ ಹರಸುವ ಅಧಿಕಾರ ಇತ್ತು, ಉತ್ತರ ಕರ್ನಾಟಕದ ತಾಯಂದಿರ ಅಕ್ಕರೆ ಇತ್ತು. ಪತ್ರಾಗಾರ ಇದನ್ನು ಯಾವ ಪತ್ರದಲ್ಲಿ ಇಟ್ಟುಕೊಳ್ಳುತ್ತದೆ?

ಕಥನ ಸಾಹಿತ್ಯ ಬೇರೆ ಬಗೆಯ ಪುರಾವೆ ಕೊಡುತ್ತದೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಅವರದೇ ಹೆಸರಿನಲ್ಲಿ ಪುಸ್ತಕವಾಯಿತು. ಅದಕ್ಕೂ ಮೊದಲು ಆ ಹೆಸರಿನ ಕಥೆ ಗುಪ್ತನಾಮದಲ್ಲಿ ಪ್ರಕಟವಾಗಿತ್ತು. ಆ ಗುಪ್ತನಾಮವನ್ನು ಕೇವಲ ಸಾಹಿತ್ಯ ಚರಿತ್ರೆಯ ಸ್ವಾರಸ್ಯವೆಂದು ನಾನು ನೋಡುವುದಿಲ್ಲ. ಹೆಸರಾಂತ ಲೇಖಕರೊಬ್ಬರು ತಮ್ಮ ಹೆಸರನ್ನು ಹಿಂದಿಟ್ಟು ಬರೆಯಬೇಕಾದ ಕಾಲವೊಂದಿತ್ತು ಎಂಬುದೇ ಆ ಕಾಲದ ದಾಖಲೆ. ಅಡಗಿಸಿಟ್ಟ ಹೆಸರೂ ಆರ್ಕೈವಿನ ವಸ್ತು.

*

ಸಂಗ್ರಹ ಎಂದಮೇಲೆ ಸೂಚಿ ಬೇಕು, ಸೂಚಿ ಎಂದಮೇಲೆ ಶೀರ್ಷಿಕೆಗಳು ಬೇಕು. ಇಲ್ಲಿ ನುಡಿಯ ತೊಡಕು ಶುರುವಾಗುತ್ತದೆ. ಜೋಗಪ್ಪ, ಜೋಗತಿ, ಹಿಜ್ರಾ, ಕೋತಿ, ಮಂಗಳಮುಖಿ, ತೃತೀಯ ಲಿಂಗಿ, ಲಿಂಗತ್ವ ಅಲ್ಪಸಂಖ್ಯಾತರು. ಇವೆಲ್ಲವನ್ನೂ ಟ್ರಾನ್ಸ್‌ಜೆಂಡರ್ ಎಂಬ ಒಂದು ಶೀರ್ಷಿಕೆಯ ಕೆಳಗೆ ಸೇರಿಸಿದರೆ ಹುಡುಕುವವರಿಗೆ ಸಲೀಸು. ಆದರೆ ಜೋಗಪ್ಪ ಎಂಬ ಪದದಲ್ಲಿ ದೇವಿಯಿದ್ದಾಳೆ, ಮುತ್ತು ಕಟ್ಟಿಸಿಕೊಂಡದ್ದಿದೆ, ಸವದತ್ತಿಯ ಗುಡ್ಡವಿದೆ, ಜಾತಿಯಿದೆ, ಬಡತನವಿದೆ. ಹಿಜ್ರಾ ಎಂಬುದರಲ್ಲಿ ಮನೆತನಗಳಿವೆ, ಗುರುವಿದ್ದಾರೆ. ಕೋತಿ ಎನ್ನುವುದು ಬೀದಿಯಲ್ಲಿ ತಮ್ಮತಮ್ಮಲ್ಲೇ ಗುರುತಿಸಿಕೊಳ್ಳಲು ಹುಟ್ಟಿದ ಪದ. ಕನ್ನಡ ಕಿವಿಗೆ ಅದು ಮಂಗ ಎಂದು ಕೇಳಿಸಿ ಮುಜುಗರವಾದರೂ ಪದ ಅವರದೇ. ಲೈಂಗಿಕ ಅಲ್ಪಸಂಖ್ಯಾತರು ಎಂಬುದು 2000ದ ನಂತರದ ಹೋರಾಟದ ಕರಪತ್ರಗಳಲ್ಲಿ ಬೇರು ಬಿಟ್ಟ ಪದ. ಒಂದೊಂದು ಪದವೂ ಒಂದೊಂದು ಕಾಲ, ಒಂದೊಂದು ಜಾಗ. ಎಲ್ಲವನ್ನೂ ಒಂದೇ ಹೆಸರಿನಡಿ ತಂದರೆ ಪದಗಳೊಳಗಿನ ಇತಿಹಾಸವನ್ನು ನಾವೇ ಕಡತದಂತೆ ಒರೆಸಿದ ಹಾಗೆ. ಬೈಗುಳದ ಪದಗಳನ್ನೂ ಸೂಚಿಯಿಂದ ತೆಗೆದುಹಾಕಬಾರದು ಎಂದೇ ನನ್ನ ಅನಿಸಿಕೆ. ಇನ್ನೊಬ್ಬರು ಏನೆಂದು ಕರೆದರು, ತಮ್ಮನ್ನು ತಾವು ಏನೆಂದು ಕರೆದುಕೊಂಡರು, ಎರಡೂ ಇರಲಿ. ಯಾವುದು ಯಾರ ಮಾತು ಎಂಬುದು ಸ್ಪಷ್ಟವಿರಬೇಕು, ಅಷ್ಟೇ.

ಯಾವ ಪದದ ಕೆಳಗೂ ಬಾರದವರೂ ಇದ್ದಾರೆ. ಹೆಣ್ಣನ್ನು ಪ್ರೀತಿಸಿದ ಹೆಣ್ಣುಗಳಿಗೆ ಹಮಾಮಿನಂಥ ಜಾಗವಿರಲಿಲ್ಲ, ಪಾರ್ಕು ಇರಲಿಲ್ಲ, ಗುಡ್ಡವಿರಲಿಲ್ಲ. ಅವರ ಕಥೆ ನಡೆದದ್ದು ಮನೆಯೊಳಗೆ, ಹಾಸ್ಟೆಲ್ ಕೋಣೆಯಲ್ಲಿ, ಸುಟ್ಟುಹಾಕಿದ ಪತ್ರಗಳಲ್ಲಿ. ಪತ್ರಿಕೆಯ ಒಳಪುಟದಲ್ಲಿ ‘ಇಬ್ಬರು ಗೆಳತಿಯರ ಆತ್ಮಹತ್ಯೆ’ ಎಂಬ ನಾಲ್ಕು ಸಾಲು ಎಷ್ಟೋ ಸಲ ಅವರ ಬಗ್ಗೆ ಉಳಿದ ಒಂದೇ ದಾಖಲೆ. ಸಾವಿನ ಸುದ್ದಿಯಿಂದ ಹಿಂದಕ್ಕೆ ನಡೆದು ಬದುಕನ್ನು ಹುಡುಕುವುದು ಹೇಗೆ? ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರ ಪಾಡೂ ಇದಕ್ಕಿಂತ ಬೇರೆಯಲ್ಲ. ಬೀದಿಯಲ್ಲಿ ಕಂಡವರ ದಾಖಲೆ ಪೊಲೀಸರ ಬಳಿಯಾದರೂ ಇದೆ, ಮನೆಯೊಳಗೆ ಮುಚ್ಚಿಹೋದವರದು ಅದೂ ಇಲ್ಲ.

*

ಹಾಗಾದರೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿ ಎಲ್ಲರಿಗೂ ತೆರೆದಿಡುವುದೇ ಪರಿಹಾರವೇ? ಅಷ್ಟು ಸರಳವಿಲ್ಲ. ಬರ್ಲಿನ್ನಿನಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಕಟ್ಟಿದ್ದ ಲೈಂಗಿಕ ವಿಜ್ಞಾನ ಸಂಸ್ಥೆಗೆ 1933ರ ಮೇ 6ರಂದು ನಾಜಿ ಬೆಂಬಲಿಗರು ನುಗ್ಗಿದರು. ನಾಲ್ಕು ದಿನಗಳ ನಂತರ ಅದರ ಪುಸ್ತಕಗಳು ಬೀದಿಯ ಬೆಂಕಿಗೆ ಬಿದ್ದವು. ಒಂದೇ ಜಾಗದಲ್ಲಿ ಕೂಡಿಟ್ಟದ್ದು ಒಂದೇ ರಾತ್ರಿಯಲ್ಲಿ ಹೋಗಬಹುದು. ಜೊತೆಗೆ, ಹೆಸರು-ವಿಳಾಸವಿರುವ ಯಾವ ಸಂಗ್ರಹವೂ ಕೈ ಬದಲಾದರೆ ರಿಜಿಸ್ಟರೇ ಆಗಬಲ್ಲದು. 36ಎ ಕಂಡ ರಾಜ್ಯದಲ್ಲಿ ಈ ಭಯ ಕಾಲ್ಪನಿಕವಲ್ಲ. 1990ರ ದಶಕದಲ್ಲಿ ಒಂದು ಗುಂಪಿಗೆ ಕಾಗದ ಬರೆದವರು ಇವತ್ತು ಮೊಮ್ಮಕ್ಕಳ ಜೊತೆಗಿರಬಹುದು. ಆ ಕಾಗದ ಇತಿಹಾಸಕ್ಕೆ ಅಮೂಲ್ಯ. ಅವರ ಒಪ್ಪಿಗೆ ಅದಕ್ಕಿಂತ ಅಮೂಲ್ಯ. ಎಷ್ಟು ವರ್ಷ ಮುಚ್ಚಿಡಬೇಕು, ಯಾರಿಗೆ ತೋರಿಸಬೇಕು, ಯಾವಾಗ ವಾಪಸು ಕೇಳಬಹುದು ಎಂಬುದನ್ನು ಕೊಟ್ಟವರೇ ಹೇಳುವಂತಿರಬೇಕು. ರಿಜಿಸ್ಟರು ಯಾರನ್ನೂ ಕೇಳಿ ಬರೆದುಕೊಳ್ಳಲಿಲ್ಲ. ಕೇಳುವುದೇ ನಮ್ಮ ಸಂಗ್ರಹವನ್ನು ಅದರಿಂದ ಬೇರೆ ಮಾಡುತ್ತದೆ.

ಇನ್ನೊಂದು ಪ್ರಶ್ನೆ ಜಾಗದ್ದು. ನ್ಯೂಯಾರ್ಕಿನಲ್ಲಿ 1974ರಲ್ಲಿ ಜೋನ್ ನೆಸಲ್ ಮತ್ತು ಸಂಗಡಿಗರು ಲೆಸ್ಬಿಯನ್ ಹೆರ್‌ಸ್ಟರಿ ಆರ್ಕೈವ್ಸ್ ಆರಂಭಿಸಿದ್ದು ನೆಸಲ್ ಅವರ ಮನೆಯಲ್ಲೇ. ಸಂಗ್ರಹ ಸಮುದಾಯದ ನಡುವೆಯೇ ಇರಬೇಕು, ವಿಶ್ವವಿದ್ಯಾಲಯದ ಆವರಣದಲ್ಲಿ ಬೇಡ, ಒಳಗೆ ಬರಲು ಯಾವ ಅರ್ಹತಾಪತ್ರವೂ ಬೇಡ ಎಂಬುದು ಅವರ ನಿಲುವು. 1993ರಿಂದ ಅದು ಬ್ರೂಕ್ಲಿನ್ನಿನ ಒಂದು ಮನೆಯಲ್ಲಿದೆ. ಕಮ್ರಾ ಕಾನೂನು ಶಾಲೆಯಲ್ಲಿದೆ. ವಿಡಿಯೊ ಟೇಪು ಕೆಡದಂತೆ ಇಡಲು ತಂಪು ಕೋಣೆ, ಯಂತ್ರ, ಸಂಬಳದ ಸಿಬ್ಬಂದಿ ಬೇಕು. ಕಾನೂನಿನ ಹೋರಾಟದ ದಾಖಲೆ ಕಾನೂನು ಓದುವವರ ನಡುವೆ ಇರುವುದರಲ್ಲಿ ಅರ್ಥವೂ ಇದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೊಸಪೇಟೆಯಿಂದ ರಾತ್ರಿ ಬಸ್ಸು ಹತ್ತಿ ಬಂದ ಜೋಗತಿಯೊಬ್ಬರು ಅಂಥ ಯಾವುದೇ ದೊಡ್ಡ ಕ್ಯಾಂಪಸ್ಸಿನ ಗೇಟಿನ ಮುಂದೆ ನಿಂತು, ‘ನನ್ನ ಗುರುವಿನ ಫೋಟೊ ಒಳಗಿದೆಯಂತೆ, ನೋಡಬೇಕು’ ಎಂದರೆ ಏನಾಗಬೇಕು ಎಂಬುದನ್ನು ಸಂಗ್ರಹ ಕಟ್ಟುವ ಎಲ್ಲರೂ ಮೊದಲೇ ಯೋಚಿಸಿರಬೇಕು. ಅವರು ಬರುವವರೆಗೂ ಕಾಯದೆ ಫೋಟೊವನ್ನೇ ಅವರಲ್ಲಿಗೆ ಒಯ್ಯುವ ಸಂಗ್ರಹ ಇನ್ನೂ ಮೇಲು. ನಾಟಕ ತಂಡವೊಂದು ‘ಬದುಕು ಬಯಲು’ವನ್ನು ಊರೂರಿಗೆ ಒಯ್ಯಬಲ್ಲುದಾದರೆ ಸಂಗ್ರಹಕ್ಕೆ ಯಾಕಾಗದು?

ಅಂಜಲಿ ಅರೊಂಡೇಕರ್ ಅವರ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಈ ವಿಷಯದಲ್ಲಿ ನಮ್ಮ ಮನಸ್ಸು ಹೇಗೆ ಬದಲಾಗಬಹುದೆಂದು ಕಾಣುತ್ತದೆ. 2009ರ ಪುಸ್ತಕದಲ್ಲಿ ಅವರು ಖೈರಾತಿಯಂಥ ಪ್ರಕರಣಗಳನ್ನು ಹಿಡಿದು, ವಸಾಹತು ದಾಖಲೆಯಲ್ಲಿ ಕಳೆದುಹೋದವರನ್ನು ಹುಡುಕುವ ನಮ್ಮ ಆಸೆಯನ್ನೇ ಪ್ರಶ್ನಿಸಿದರು. 2023ರ ಪುಸ್ತಕದಲ್ಲಿ ಗೋವೆಯ ಗೋಮಾಂತಕ ಮರಾಠಾ ಸಮಾಜದತ್ತ ತಿರುಗಿದರು. ದೇವಸ್ಥಾನದ ಸೇವೆ, ಹಾಡು, ಕುಣಿತಗಳ ಹಿನ್ನೆಲೆಯಿಂದ ಬಂದ ಈ ಸಮುದಾಯ ತನ್ನ ದಾಖಲೆಗಳನ್ನು ತಾನೇ ಜತನದಿಂದ ಇಟ್ಟುಕೊಂಡಿದೆ, ಹೇರಳವಾಗಿ ಇಟ್ಟುಕೊಂಡಿದೆ. ಇಂಥವರ ಇತಿಹಾಸವೆಂದರೆ ಇಲ್ಲದ್ದರ ಕಥೆ ಎಂದು ಶುರುಮಾಡುವುದೇಕೆ, ಇರುವುದರಿಂದ ಶುರುಮಾಡಬಾರದೇ ಎಂಬುದು ಅವರ ಪ್ರಶ್ನೆ. ನನಗಿದು ಕನ್ನಡಕ್ಕೂ ಒಪ್ಪುವ ಮಾತು ಎನ್ನಿಸುತ್ತದೆ. ಜೋಗತಿಯರ ಪೆಟ್ಟಿಗೆಗಳಲ್ಲಿ ಫೋಟೊಗಳಿವೆ, ಹಿರಿಯ ಹಿಜ್ರಾಗಳ ಮೊಬೈಲುಗಳಲ್ಲಿ ಹಬ್ಬದ ವಿಡಿಯೊಗಳಿವೆ, 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ನಡಿಗೆಗೆ ಬಂದವರ ಬಳಿ ಮುಖವಾಡಗಳೂ ಬ್ಯಾನರುಗಳೂ ಇರಬಹುದು. ಇಲ್ಲ ಇಲ್ಲ ಎನ್ನುತ್ತಾ ಕೂತರೆ ಇರುವುದೂ ಗೆದ್ದಲು ಹಿಡಿದೀತು.

ಕನ್ನಡ ಎಂ.ಎ., ಪಿಎಚ್‌.ಡಿ. ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ಆತ್ಮಕಥನಗಳಲ್ಲಿ ಅಸ್ಮಿತೆಯ ಬಿಕ್ಕಟ್ಟು ಹೇಗೆ ಬಂದಿದೆ ಎಂಬ ಪ್ರಬಂಧಗಳು ಸಾಕಷ್ಟಾದವು. ನಿಮ್ಮ ಊರಿನ ಸುತ್ತಲ ಹಿರಿಯ ಜೋಗತಿಯೊಬ್ಬರ ಬಳಿ ಕೂತು, ಅವರು ಒಪ್ಪಿದರೆ, ಒಂದು ಹಾಡನ್ನೂ ಆ ಹಾಡು ಅವರಿಗೆ ಬಂದ ದಾರಿಯನ್ನೂ ಪೂರ್ತಿ ಮುದ್ರಿಸಿಕೊಳ್ಳಿ. ಕತ್ತರಿಸಬೇಡಿ, ತಿದ್ದಬೇಡಿ. ಒಂದು ಪ್ರತಿ ಮೊದಲು ಅವರಿಗೇ ಕೊಡಿ. ಅವರು ಯಾರಿಗೆ ಕೊಡಬಹುದು ಅನ್ನುತ್ತಾರೋ ಅವರಿಗೆ ಮಾತ್ರ ಇನ್ನೊಂದು ಪ್ರತಿ. ಯಾರಿಗೂ ಬೇಡ ಅಂದರೆ ಅದನ್ನೂ ಬರೆದಿಡಿ. ಒಂದು ಬದುಕು ತನ್ನನ್ನು ತೋರಿಸಿಕೊಳ್ಳಲು ಒಲ್ಲೆ ಎಂದದ್ದೂ ಗೌರವದಿಂದ ಕಾಪಿಡಬೇಕಾದ ದಾಖಲೆಯೇ.